ನಂಜುಂಡನ ಊರು ಮತ್ತು ಬೀಗ ಹಾಕಿದ ಪೆಟ್ಟಿಗೆ

ನಂಜನಗೂಡು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ರಸಬಾಳೆ, ದೊಡ್ಡಜಾತ್ರೆ, ಐದು ತೇರು. ನನಗೆ ಮಾತ್ರ ಈಚೆಗೆ ಆ ಹೆಸರೇ ಕಾಡ್ತಾ ಇದೆ. ನಂಜು ಉಂಡವನ ಊರು! ಆದರೆ ಜನ ಹೇಳೋ ಕತೆಯಲ್ಲಿ ಆ ವಿಷ ಶಿವನ ಗಂಟಲಲ್ಲೇ ನಿಂತದ್ದು ಪಾರ್ವತಿ ಕುತ್ತಿಗೆ ಹಿಡಿದದ್ದರಿಂದ. ನಾವು ನಂಜುಂಡನ ಹೆಸರಲ್ಲಿ ಊರು ಕಟ್ಟಿದೆವು, ತಡೆದ ಕೈಯನ್ನು ಮರೆತೆವು. ಇದು ಆ ಕೈಯ ಚರಿತ್ರೆ.

1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಬಲದಂಡೆ ನಾಲೆ ನಂಜನಗೂಡು, ತಿ. ನರಸೀಪುರದ ಕಡೆಗೆ ನೀರು ತಂತು. ಭತ್ತ, ಕಬ್ಬು ಹಸಿರಾಯ್ತು. ಹೊಸ ತಳಿಗಳ ಜೊತೆ ಗೊಬ್ಬರ ಬಂತು, ಕೀಟನಾಶಕ ಬಂತು. ಹೊಲಕ್ಕೆಂದು ತಂದ ನಂಜು ಮನೆಯೊಳಗೂ ಜಾಗ ಮಾಡಿಕೊಂಡಿತು. ಪರೀಕ್ಷೆಯಲ್ಲಿ ಫೇಲಾದ ಹುಡುಗ, ಮನೆಯವರ ಜೊತೆ ಮುನಿಸಿಕೊಂಡ ಹುಡುಗಿ ಇರೋದೂ ಅದೇ ಮನೆಯಲ್ಲಿ...

ಆಗ ಸರ್ಕಾರದ ಕೈ ಹೇಗಿತ್ತು? 1860ರ ದಂಡ ಸಂಹಿತೆಯ 309ನೇ ಕಲಂ ಪ್ರಕಾರ, ಸಾಯಲು ಯತ್ನಿಸಿ ಬದುಕುಳಿದವರೇ ಅಪರಾಧಿಗಳು! ಕೇಸಿನ ಭಯಕ್ಕೆ ಮನೆಯವರು ನಿಜ ಮುಚ್ಚಿಡೋರು. 2018ರಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ತಿರುಗಿಸಿತು. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ ಮಾಡೋದು ಸರ್ಕಾರದ ಹೊಣೆ ಅಂದಿತು.

ಆರೈಕೆಯ ದಾರಿಯನ್ನು ನಮ್ಮ ನಾಡು ಮೊದಲೇ ತೋರಿಸಿತ್ತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡೋದನ್ನು ಕಲಿಸಿತು. 1996ರಿಂದ ದೇಶದಲ್ಲಿ ನಡೆದುಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಚಿಕಿತ್ಸೆ ಸರಿ, ಆ ನಂಜಿನ ಗತಿ? "ಸಾಯಬೇಕು ಅಂದವನು ಹೇಗಾದ್ರೂ ಸಾಯ್ತಾನೆ ಬಿಡಿ" ಅನ್ನೋ ಮಾತು ಕೇಳಿರ್ತೀರಿ. ಚರಿತ್ರೆ ಅದನ್ನು ಒಪ್ಪೋದಿಲ್ಲ. ಶ್ರೀಲಂಕಾ 1995ರಿಂದ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಇಪ್ಪತ್ತು ವರ್ಷದಲ್ಲಿ ಅಲ್ಲಿನ ಒಟ್ಟು ಆತ್ಮಹತ್ಯೆ ದರ ಸುಮಾರು ಶೇ. 70ರಷ್ಟು ಇಳಿಯಿತು. ಒಂದು ದಾರಿ ಮುಚ್ಚಿದಾಗ ಎಲ್ಲರೂ ಇನ್ನೊಂದನ್ನು ಹುಡುಕಲಿಲ್ಲ. ಯಾಕಂದ್ರೆ ಆ ಗಳಿಗೆ ಬಹಳ ಸಲ ಬಲು ಚಿಕ್ಕದು. ಅದನ್ನು ದಾಟಿ ಉಳಿದ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯೋದಿಲ್ಲ.

ಕಬಿನಿಯನ್ನೇ ನಾವು ಕಪಿಲೆ ಅಂತೀವಲ್ಲ, ಅದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತೆ. ಅದೇ ಕಾವೇರಿ ಕಡಲು ಸೇರೋ ಸೀಮೆಯಲ್ಲಿ, ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಬಳಿಯ ಎರಡು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೀಟನಾಶಕಗಳನ್ನು ಮನೆಯಿಂದ ತೆಗೆದು, ಊರಿಗೊಂದರಂತೆ ಕಟ್ಟಿದ ಕೋಣೆಯಲ್ಲಿ ಬೀಗದ ಪೆಟ್ಟಿಗೆಗಳಲ್ಲಿ ಇಡಿಸಿದರು. ರೈತರು ಒಪ್ಪಿ ಬಳಸಿದರು. 2013ರಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿ ಕೀಟನಾಶಕದ ಸಾವು, ಯತ್ನ ಎರಡೂ ಕಮ್ಮಿಯಾದವು.

ನೋಡಿ, ಪಾರ್ವತಿಯ ಕೈ ಅಂದ್ರೆ ಇಷ್ಟೇ. ಒಂದು ಬೀಗ, ಸ್ವಲ್ಪ ದೂರ, ಪಕ್ಕದಲ್ಲೊಬ್ಬ ಮನುಷ್ಯ. ನಮ್ಮ ಎರಡೂ ತಾಲ್ಲೂಕಿನ ಸಹಕಾರ ಸಂಘಗಳು ಗೋದಾಮಿನ ಒಂದು ಮೂಲೆಯನ್ನು ಇದಕ್ಕೆ ಕೊಟ್ಟರೆ ಸಾಕು ಅಂತ ನನ್ನ ಆಸೆ. ಅಲ್ಲೀವರೆಗೆ ಮಕ್ಕಳು ಮಂಕಾಗಿದ್ದರೆ "ಸಾಯೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿಯೇ ಕೇಳಿ. ಕೇಳೋದ್ರಿಂದ ಆ ಯೋಚನೆ ಹುಟ್ಟೋದಿಲ್ಲ, ಹೇಳಿಕೊಳ್ಳೋಕೆ ಬಾಗಿಲು ತೆರೆಯುತ್ತೆ. 2022ರಲ್ಲಿ ಶುರುವಾದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ನಿಮ್ಮೂರಲ್ಲಿ ಕೀಟನಾಶಕ ಎಲ್ಲಿಡ್ತಾರೆ? ಒಮ್ಮೆ ನೋಡಿ ಬಂದು ಹೇಳ್ತೀರಾ?