ರಾಷ್ಟ್ರೀಯ ಹೆದ್ದಾರಿ 4 (ಹಳೆಯ ಸಂಖ್ಯೆ)

ರಾಷ್ಟ್ರೀಯ ಹೆದ್ದಾರಿ 4 ಎಂಬುದು ಮುಂಬೈ ಮತ್ತು ಚೆನ್ನೈಗಳನ್ನು ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು, ಕೋಲಾರ, ಚಿತ್ತೂರುಗಳ ಮೂಲಕ ಕೂಡಿಸುತ್ತಿದ್ದ ರಸ್ತೆಗೆ 2010ರವರೆಗೆ ಇದ್ದ ಹೆಸರು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇದು ಎರಡು ಕಡೆ ಹಾಯುತ್ತದೆ: ವಾಯವ್ಯದಲ್ಲಿ ದಾಬಸ್‌ಪೇಟೆ–ನೆಲಮಂಗಲ, ಪೂರ್ವದಲ್ಲಿ ಹೊಸಕೋಟೆ. ಜನರ ಬಾಯಲ್ಲಿ ಇವು ತುಮಕೂರು ರಸ್ತೆ ಮತ್ತು ಹಳೆ ಮದ್ರಾಸ್ ರಸ್ತೆ.

2001ರಲ್ಲಿ ಕಾಮಗಾರಿ ಆರಂಭವಾದ ಸುವರ್ಣ ಚತುಷ್ಪಥ ಯೋಜನೆ ಈ ಎರಡು ತುಂಡುಗಳನ್ನು ಬೇರೆ ಮಾಡಿತು. ಮುಂಬೈ ಕಡೆಯಿಂದ ನೆಲಮಂಗಲದವರೆಗೆ ಹಳೆಯ ದಾರಿಯನ್ನೇ ಅಗಲಗೊಳಿಸಲಾಯಿತು. ಬೆಂಗಳೂರಿನಿಂದಾಚೆ ಮಾತ್ರ ಹೊಸೂರು, ಕೃಷ್ಣಗಿರಿ, ವೆಲ್ಲೂರುಗಳ ದಾರಿಯನ್ನು ಆರಿಸಿಕೊಳ್ಳಲಾಯಿತು. ಹೀಗೆ ಹೊಸಕೋಟೆ ಯೋಜನೆಯಿಂದ ಹೊರಗುಳಿಯಿತು. ಅದರ ಚತುಷ್ಪಥ ಕಾಮಗಾರಿ ನಂತರದ ಹಂತದಲ್ಲಷ್ಟೇ ನಡೆಯಿತು. ಸಂಖ್ಯೆ ಬದಲಾದದ್ದು ಆಮೇಲೆ; ದಾರಿ ನಿಜವಾಗಿ ಕವಲೊಡೆದದ್ದು ಈ ಯೋಜನೆಯಲ್ಲಿ.

2010ರ ಮರುಸಂಖ್ಯೆಯ ಸೂತ್ರ ಸರಳ: ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತ, ಪೂರ್ವ–ಪಶ್ಚಿಮ ಹೆದ್ದಾರಿಗಳಿಗೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತ. ಗೊಂದಲ ಹುಟ್ಟಿದ್ದು ನೆಲಮಂಗಲದಲ್ಲಿ. ಅಲ್ಲಿಂದ ಕುಣಿಗಲ್, ಹಾಸನದ ಮೇಲೆ ಮಂಗಳೂರಿಗೆ ಹೋಗುವ ರಸ್ತೆಗೆ ಅದುವರೆಗೆ 48 ಎಂಬ ಸಂಖ್ಯೆಯಿತ್ತು. ಅದೀಗ 75; 48 ಎಂಬುದು ದೆಹಲಿ–ಮುಂಬೈ–ಚೆನ್ನೈ ಹೆದ್ದಾರಿಯ ಸಂಖ್ಯೆಯಾಗಿ ಪಕ್ಕದ ತುಮಕೂರು ರಸ್ತೆಗೆ ದಾಟಿದೆ. ಆದ್ದರಿಂದ ಹಳೆಯ ದಾಖಲೆಯೊಂದರಲ್ಲಿ ‘ನೆಲಮಂಗಲದ 48’ ಎಂದಿದ್ದರೆ ಮೊದಲು ಅದರ ವರ್ಷ ನೋಡಬೇಕು. ಹೊಸಕೋಟೆಯ ರಸ್ತೆಯೂ 75ರ ಭಾಗವಾಯಿತು. ಇನ್ನೂ ಮುಂದೆ, ಮುಳಬಾಗಿಲು–ಚಿತ್ತೂರು ತುಂಡಿಗೆ 69, ಚಿತ್ತೂರು–ರಾಣಿಪೇಟೆ ತುಂಡಿಗೆ 40 ಎಂಬ ಸಂಖ್ಯೆಗಳು ಬಂದವು. 4 ಎಂಬ ಸಂಖ್ಯೆ ಈಗ ಅಂಡಮಾನ್ ದ್ವೀಪಗಳ ಹೆದ್ದಾರಿಯದು.

 

ಇತ್ತೀಚಿನ ಬೆಳವಣಿಗೆಗಳಲ್ಲಿ ಜಿಲ್ಲೆಗೆ ಮುಖ್ಯವಾದದ್ದು ಹಳೆಯ 4ರ ಈ ಎರಡು ತುಂಡುಗಳನ್ನು ಕೂಡಿಸುವ ಅಡ್ಡರಸ್ತೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಮುಟ್ಟಿ ಹೊಸೂರಿಗೆ ಹೋಗುವ ಹಳೆಯ 207ಕ್ಕೆ 648 ಎಂಬ ಸಂಖ್ಯೆ ಬಂತು. ಇದರ ದಾಬಸ್‌ಪೇಟೆ–ಹೊಸಕೋಟೆ ನಡುವಿನ ಸುಮಾರು 80 ಕಿ.ಮೀ. ಭಾಗವನ್ನು ಉಪನಗರ ವರ್ತುಲ ರಸ್ತೆಯ ಅಂಗವಾಗಿ ಚತುಷ್ಪಥಗೊಳಿಸಲಾಗಿದೆ. ತುಮಕೂರು ಕಡೆಯ ಸರಕು ಲಾರಿಗಳು ಪೀಣ್ಯದ ದಟ್ಟಣೆಗೆ ಸಿಲುಕದೆ ಇದರ ಮೂಲಕ ಕೋಲಾರದ ದಿಕ್ಕಿಗೆ ತಿರುಗಬಹುದು. 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಆರಂಭವಾಗುವುದೂ ಹೊಸಕೋಟೆಯ ಬಳಿಯೇ. ಅದರ ಕರ್ನಾಟಕದ ಭಾಗ, ಬೇತಮಂಗಲದವರೆಗೆ, 2024ರ ಕೊನೆಗೆ ಸಂಚಾರಕ್ಕೆ ತೆರೆಯಿತು.