ಗುಂಡಿ ಕದಲಿದರೂ ಕೆಡದ ಪರೀಕ್ಷೆ

ಶ್ರೀಮಂಗಲದ ಬೆಳೆಗಾರರಿಗೆ ಪಹಣಿ ಬರಿಯ ಕಾಗದವಲ್ಲ. ಬ್ಯಾಂಕಿನ ಸಾಲಕ್ಕೂ ನ್ಯಾಯಾಲಯದ ವ್ಯಾಜ್ಯಕ್ಕೂ ಅದೇ ಆಧಾರ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಗಣಕಕ್ಕೆ ಏರಿಸಿತು. ಈಗ ಜಾಲತಾಣದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದರೆ ಪಹಣಿ ಕಣ್ಣೆದುರಿಗೆ ಬರುತ್ತದೆ. ಆದರೆ ಇಂತಹ ಪುಟಗಳನ್ನು ತಿದ್ದಿದಾಗಲೆಲ್ಲ ಹಿಂದಿನ ಅನುಕೂಲಗಳು ಕೆಟ್ಟಿಲ್ಲವೆಂದು ನೋಡುವವರು ಯಾರು?

ಮೊದಲು ಈ ಕೆಲಸ ಮನುಷ್ಯರದೇ ಆಗಿತ್ತು. ಒಂದೊಂದೇ ಗುಂಡಿ ಒತ್ತಿ, ಬಂದ ಉತ್ತರವನ್ನು ತಾಳೆ ನೋಡಬೇಕಿತ್ತು. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗಿನ್ಸ್, ನೌಕರರ ವೇಳೆ-ಖರ್ಚುಗಳ ಲೆಕ್ಕವಿಡುವ ತಂತ್ರಾಂಶವನ್ನು ಪರೀಕ್ಷಿಸಲು, ಬ್ರೌಸರಿನಲ್ಲಿ ತಾನಾಗಿಯೇ ಗುಂಡಿ ಒತ್ತುವ ಸಾಧನವೊಂದನ್ನು ರೂಪಿಸಿದರು. ಆಗ ಈ ಕ್ಷೇತ್ರದಲ್ಲಿ ಪ್ರಬಲವಾಗಿದ್ದ ಕಂಪನಿಯ ಹೆಸರು ಮರ್ಕ್ಯುರಿ, ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಸಾಧನಕ್ಕೆ ‘ಸೆಲೆನಿಯಂ’ ಎಂಬ ಹೆಸರೇ ನಿಂತಿತು. ಸೈಮನ್ ಸ್ಟೀವರ್ಟ್ ಅವರ ವೆಬ್‌ಡ್ರೈವರ್ ಇದರೊಡನೆ ಬೆರೆತು 2011ರಲ್ಲಿ ಎರಡನೆಯ ಆವೃತ್ತಿ ಹೊರಬಂದಿತು. 2018ರಲ್ಲಿ ವೆಬ್‌ಡ್ರೈವರ್ ಅಂತರರಾಷ್ಟ್ರೀಯ ಮಾನಕವಾಯಿತು. ಸೆಲೆನಿಯಂ ಸಮ್ಮೇಳನಗಳು 2014, 2016 ಮತ್ತು 2018ರಲ್ಲಿ ನಮ್ಮ ಬೆಂಗಳೂರಿನಲ್ಲೂ ನಡೆದವು.

ಪರೀಕ್ಷೆ ಬರೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಕೊಡಗಿನಲ್ಲಿ ಮೂರೇ ತಾಲ್ಲೂಕುಗಳಿದ್ದ ಕಾಲದಲ್ಲಿ ಯಾರೋ ‘ಪಟ್ಟಿಯ ಮೂರನೆಯ ತಾಲ್ಲೂಕನ್ನು ಆರಿಸು’ ಎಂದು ಬರೆದಿಟ್ಟಿದ್ದರೆನ್ನಿ. 2020ರ ಸುಮಾರಿಗೆ ಪೊನ್ನಂಪೇಟೆ ಹೊಸ ತಾಲ್ಲೂಕಾಗಿ, ಶ್ರೀಮಂಗಲ ಹೋಬಳಿ ವಿರಾಜಪೇಟೆಯಿಂದ ಅದಕ್ಕೆ ಸೇರಿತು. ಆ ಪರೀಕ್ಷೆ ಅಂದೇ ಮುಗ್ಗರಿಸುತ್ತದೆ. ತಂತ್ರಾಂಶದಲ್ಲಿ ಮಾತ್ರ ತಪ್ಪಿರುವುದಿಲ್ಲ.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯಗಳು ಸರಳ. ಗುಂಡಿಯನ್ನು ಅದರ ಸ್ಥಾನದಿಂದಲ್ಲ, ಬದಲಾಗದ ಗುರುತಿನಿಂದ ಹುಡುಕಬೇಕು. ಒಂದು ಪುಟದ ವಿವರಗಳನ್ನೆಲ್ಲ ಒಂದೇ ಕಡೆ ಬರೆದಿಡಬೇಕು. ಪುಟ ಬದಲಾದರೆ ನೂರು ಪರೀಕ್ಷೆಗಳನ್ನು ತಿದ್ದುವ ಬದಲು ಅದೊಂದನ್ನು ತಿದ್ದಿದರೆ ಸಾಕು. ‘ಪೇಜ್ ಆಬ್ಜೆಕ್ಟ್’ ಎಂದು ಕರೆಯುವುದು ಇದನ್ನೇ. ಪುಟ ತೆರೆಯಲು ಐದು ಸೆಕೆಂಡು ಸುಮ್ಮನೆ ಕಾಯುವುದಕ್ಕಿಂತ, ಬೇಕಾದ ಅಂಶ ಕಾಣಿಸುವವರೆಗೆ ಕಾಯುವುದು ಲೇಸು. ಲೆಕ್ಕಾಚಾರದ ಸರಿತಪ್ಪುಗಳನ್ನು ಪರದೆಯ ಹಿಂದೆಯೇ ಪರೀಕ್ಷಿಸಿ, ಪರದೆಯ ಮೇಲಿನ ಪರೀಕ್ಷೆಗಳನ್ನು ಕೆಲವಕ್ಕೇ ಸೀಮಿತಗೊಳಿಸಬೇಕು.

ಏಕೆಂದರೆ ದಿನವೂ ‘ತೋಳ ಬಂತು ತೋಳ’ ಎಂದು ಕೂಗುವ ಪರೀಕ್ಷೆಯನ್ನು ಯಾರೂ ನಂಬುವುದಿಲ್ಲ. ನಿಜವಾದ ತಪ್ಪು ನುಸುಳಿದ ದಿನ ಅದರ ಕೂಗು ಯಾರ ಕಿವಿಗೂ ಬೀಳದು. ಪಹಣಿ ಸಿಗದೆ ಬರಿಗೈಯಲ್ಲಿ ಮರಳುವವನು ರೈತ.