ಗ್ಯಾಸ್‌ಲೈಟಿನ ಮೆಂಟ್ಲು

ನಮ್ಮ ಉಬ್ರಾಣಿ ಕಡೆ ಪೆಟ್ರೊಮ್ಯಾಕ್ಸ್ ಅಂತ ಯಾರೂ ಅನ್ನಲ್ಲ, ಗ್ಯಾಸ್‌ಲೈಟು ಅಂತೀವಿ. ಹಾಕೋದು ಸೀಮೆಎಣ್ಣೆ, ಹೆಸರು ಮಾತ್ರ ಗ್ಯಾಸು ಅಂತ ನನ್ನ ಸೊಸೆ ನಗ್ತಾಳೆ. ಹೆಸರು ಸರಿಯಾಗೇ ಐತೆ ಕಣ್ರೀ. ಪಂಪು ಹೊಡೆದ್ರೆ ಗಾಳಿ ಒತ್ತಿ ಎಣ್ಣೆ ಮೇಲಕ್ಕೆ ಹೋಗ್ತದೆ, ಕಾದ ಕೊಳವೇಲಿ ಆವಿಯಾಗ್ತದೆ, ಆ ಆವಿನೇ ಉರಿಯೋದು. ಮೊದಲು ಸ್ಪಿರಿಟ್ ಹಾಕಿ ಉರಿಸ್ತಿದ್ದದ್ದು ಆ ಕೊಳವೆ ಕಾಯ್ಲಿ ಅಂತ.

ದೀಪ ಮಾಡಿದ್ದು ಬರ್ಲಿನ್ನಿನ ಕಾರ್ಖಾನೆ ಯಜಮಾನ ಮ್ಯಾಕ್ಸ್ ಗ್ರೆಟ್ಸ್, 1910ರ ಸುಮಾರಿಗೆ. ಪೆಟ್ರೋಲಿಯಂ ಜೊತೆ ಅವನ ಹೆಸರು ಸೇರಿಸಿ ಪೆಟ್ರೊಮ್ಯಾಕ್ಸ್. ಆದ್ರೆ ನನ್ನ ಕೇಳಿದ್ರೆ ಬೆಳಕು ಕೊಟ್ಟೋನು ಅವನಲ್ಲ, ಮೆಂಟ್ಲು ಕಂಡುಹಿಡಿದೋನು.

ಅವನು ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. 1858ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದೋನು. ಅಪರೂಪದ ಖನಿಜದ ಉಪ್ಪುಗಳನ್ನ ಉರಿಗೆ ಹಿಡಿದು ನೋಡೋದೇ ಅವನ ಕೆಲಸ. ಆ ಉಪ್ಪಿನ ನೀರಲ್ಲಿ ಹತ್ತಿ ನೂಲು ನೆನೆಸಿ ಸುಟ್ಟ. ನೂಲು ಹೋಯ್ತು, ನೂಲಿನ ಆಕಾರದ ಬೂದಿ ಉಳೀತು, ಆ ಬೂದಿ ಉರೀಲಿ ಬೆಳಗ್ತು. 1885ರಲ್ಲೇ ಹಕ್ಕುಪತ್ರ ಆಯ್ತು, ಆದ್ರೆ ಬೆಳಕು ಹಸಿರು ಹಸಿರು, ಮುಟ್ಟಿದ್ರೆ ಪುಡಿ. ಜನ ಕೊಳ್ಳಲಿಲ್ಲ, ಕಾರ್ಖಾನೆ ಮುಚ್ಚಿತು. ಬಿಡ್ಲಿಲ್ಲ ಪುಣ್ಯಾತ್ಮ. 1891ರಲ್ಲಿ ಹದ ಸಿಕ್ತು: ನೂರಕ್ಕೆ 99 ಪಾಲು ಥೋರಿಯಂ, ಒಂದೇ ಪಾಲು ಸೀರಿಯಂ. ಹಾಲಿಗೆ ಹೆಪ್ಪು ಹಾಕಿದಷ್ಟೇ ನೋಡ್ರಿ, ಅಷ್ಟಕ್ಕೇ ಬೆಳ್ಳನೆ ಬೆಳಕು.

ಮುಂದೆ ಅವನೇ ಓಸ್ಮಿಯಂ ತಂತಿಯ ಕರೆಂಟ್ ಬಲ್ಬೂ ಮಾಡಿದ, ಲೈಟರಿನ ಕಿಡಿ ಕಲ್ಲೂ ಮಾಡಿದ. 1929ರಲ್ಲಿ ತೀರಿಕೊಂಡ.

ಇನ್ನೊಂದು ಮಾತು. ಆ ಥೋರಿಯಂ ನಮ್ಮ ದಕ್ಷಿಣದ ಕಡಲ ಮರಳಲ್ಲೂ ಐತೆ. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಲ್ಲಿ ಅದನ್ನ 1909ರಲ್ಲಿ ಷೋಂಬರ್ಗ್ ಅನ್ನೋ ಜರ್ಮನ್‌ನವನು ಪತ್ತೆ ಹಚ್ಚಿದ. ಆಮೇಲೆ ಕನ್ಯಾಕುಮಾರಿ ಹತ್ತಿರದ ಮಣವಾಳಕುರಿಚ್ಚಿಯಿಂದ ಮರಳೇ ಹಡಗು ಹತ್ತಿತು. ನಮ್ಮ ಮರಳು ಜರ್ಮನಿಗೆ ಹೋಗಿ, ಮೆಂಟ್ಲಾಗಿ, ತಿರುಗಿ ನಮಗೇ ಮಾರಾಟ! (ಥೋರಿಯಂನಿಂದ ವಿಕಿರಣ ಸ್ವಲ್ಪ ಬರ್ತದೆ. ಅಟ್ಟದ ಮೇಲೆ ಹಳೇ ಮೆಂಟ್ಲು ಇದ್ರೆ ಪುಡಿ ಊದಬೇಡ್ರಿ, ಕೈ ತೊಳ್ಕೊಳ್ರಿ.)

1948ರಲ್ಲಿ ಜೋಗದಲ್ಲಿ ಕರೆಂಟು ಹುಟ್ಟಿತು. ಆಗ ನಮ್ಮ ಚನ್ನಗಿರೀನೂ ಶಿವಮೊಗ್ಗ ಜಿಲ್ಲೇನೇ. ಆದ್ರೂ ಎಷ್ಟೋ ವರ್ಷ ಮದುವೆ ಮೆರವಣಿಗೆಗೆ, ಬಯಲಾಟಕ್ಕೆ, ರಾತ್ರಿ ಅಡಿಕೆ ಸುಲಿಯೋಕೆ ಗ್ಯಾಸ್‌ಲೈಟೇ ಬೇಕಿತ್ತು. ಈಗ ಹಳೇ ಸಾಮಾನಿನವರು ಬಂದು ಕೇಳ್ತಾರೆ, ಒಳಗೆ ಬಲ್ಬು ಇಟ್ಟು ಹೋಟೆಲಲ್ಲಿ ತೂಗಹಾಕ್ತಾರಂತೆ. ಹಾಕಲಿ. ಆದ್ರೆ ಬುರುಡೆ ನೋಡಿದೋರಿಗೆ ಮೆಂಟ್ಲಿನ ಭಯ ಹೆಂಗೆ ಗೊತ್ತಾಗ್ಬೇಕು?

ಒಂದ್ಸಲ ಹಚ್ಚಿದ ಮೇಲೆ ಅದು ಬರೀ ಬೂದಿ ತಾನೆ. ಎಡವಿದ್ರೆ ಉದುರ್ತದೆ. ಅವ್ವನ ಮದುವೆ ಮೆರವಣಿಗೇಲಿ ಆರು ಹೆಣ್ಮಕ್ಕಳು ಸಿಂಬಿ ಮೇಲೆ ಲೈಟು ಹೊತ್ತಿದ್ರಂತೆ. ತಲೆ ಮೇಲೆ ಭುಸ್ ಅನ್ನೋ ಕಾವು, ಕಾಲಡಿ ಕಲ್ಲು ದಾರಿ. ಮೆಂಟ್ಲು ಒಡೆದ್ರೆ ಅದರ ದುಡ್ಡು ಕೂಲೀಲಿ ಹಿಡೀತಿದ್ರು. ವಾಲಗದೋರು ಎಷ್ಟೇ ಜೋರು ಬಾರಿಸ್ಲಿ, ಅವರು ಮಾತ್ರ ತುಂಬಿದ ಕೊಡ ಹೊತ್ತಂಗೆ ಕತ್ತು ಅಲುಗಿಸ್ದೆ ನಡೀತಿದ್ರು ಅಂತಾಳೆ ಅವ್ವ. ಊಟಕ್ಕೆ ಕೂತದ್ದು ಕೊನೇ ಪಂಕ್ತೀಲಿ, ಲೈಟು ಇಳಿಸಿದ ಮೇಲೆ.